ಖರೇ ಬೆಂಕಿ ಹಚ್ಚಿ ಕಲಿಸಿದವರು

ಯಾರ ಮನೆಗೆ ಹೋದರೂ ಅವರು ಮೊದಲು ಬಾಗಿಲನ್ನು ನೋಡುತ್ತಿದ್ದರು. ಕದ ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಚಿಲಕ ಸಣ್ಣ ಮಕ್ಕಳ ಕೈಗೆ ಎಟುಕುತ್ತದೋ ಇಲ್ಲವೋ, ಹಿತ್ತಲಿಗೆ ಇನ್ನೊಂದು ದಾರಿ ಇದೆಯೋ. ಅಷ್ಟು ನೋಡಿಯಾದ ಮೇಲೆ ಮನೆಯವರ ಮುಖ ನೋಡಿ ಕೈ ಮುಗಿಯುತ್ತಿದ್ದರು. ನಮ್ಮ ಶಾಲೆಗೆ ಬಂದ ಮೊದಲ ದಿನವೂ ಹಾಗೆಯೇ ಮಾಡಿದರು. ಹೆಡ್ ಮಾಸ್ತರರು "ಬರ್ರಿ, ಕುಂದರ್ರಿ" ಎಂದು ಕುರ್ಚಿ ಸರಿಸಿದರೆ, ಅವರು ಕೂಡದೆ ಕದವನ್ನು ಎರಡು ಸಲ ತೆರೆದು ಮುಚ್ಚಿದರು. "ಇದರ ಬಿಜಾಗರಿಗೆ ಒಂದೀಟು ಎಣ್ಣಿ ಬಿಡಸ್ರಿ ಸರ. ಹುಡುಗೂರು ಹೊರಗ ಓಡೂ ದಿವಸ ಇದು ಹಟಾ ಮಾಡ್ತೈತಿ" ಎಂದರು.

ಮೊಮ್ಮಕ್ಕಳೇ, ನೀವು ಅವರನ್ನು ನೋಡಿಲ್ಲ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮೂರ ಮಕ್ಕಳು ಅವರನ್ನು ಬೆಂಕಿ ಮಾಮಾ ಎನ್ನುತ್ತಿದ್ದರು, ಅದೇ ಸಾಕು. ಹೋದ ವಾರ ಖಾನಾಪುರದ ಬಸ್ ನಿಲ್ದಾಣದಲ್ಲಿ ನಮ್ಮ ಹಳೆಯ ಹೆಡ್ ಮಾಸ್ತರರು ಸಿಕ್ಕಿದ್ದರು. "ಗೊತ್ತಾತೇನವ್ವ? ನಮ್ಮ ಬೆಂಕಿ ಮಾಮಾ ಹೋದ್ರಂತ" ಎಂದರು. ಬಸ್ಸು ಬಂತು, ಹತ್ತಿ ಕುಳಿತೆ. ಊರು ಬಂದರೂ ಇಳಿಯುವುದನ್ನು ಮರೆತು ಮುಂದಿನ ನಿಲ್ದಾಣದವರೆಗೆ ಹೋದೆ. ಅಂದಿನಿಂದ ಮಧ್ಯಾಹ್ನ ಉಂಡು ಅಡ್ಡಾದಾಗ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಹೊತ್ತಿನಲ್ಲಿ ಅವರು ಬರುತ್ತಾರೆ. ಸುತ್ತ ಹೊಗೆ ಇರುತ್ತದೆ, ಆದರೆ ಕಣ್ಣು ಉರಿಯುವುದಿಲ್ಲ. ಹೊಗೆಯೊಳಗೆ ಮಕ್ಕಳು ಒಬ್ಬರ ಹಿಂದೊಬ್ಬರು ಅಂಬೆಗಾಲಿಡುತ್ತ ಸಾಗಿರುತ್ತಾರೆ. ಅವರು ಮಾತ್ರ ಬಾಗಿಲಲ್ಲಿ ನಿಂತು ಎಣಿಸುತ್ತಿರುತ್ತಾರೆ. ಎಣಿಕೆ ಮುಗಿಯುವ ಮೊದಲೇ ನನಗೆ ಎಚ್ಚರವಾಗುತ್ತದೆ.

ನಾನು ಅವರಿಗೆ ಒಂದು ಅನ್ಯಾಯ ಮಾಡಿದ್ದೆ. ಅದನ್ನು ಬಾಯಿ ಬಿಟ್ಟು ಹೇಳಲು ನನಗೆ ಏಳು ತಿಂಗಳು ಬೇಕಾಯಿತು. ಅದಕ್ಕೇ ಇದನ್ನು ನಿಮಗೆ ಬರೆದಿಡುತ್ತಿದ್ದೇನೆ.

ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿಕೊಂಡೆ. ನಮ್ಮೂರು ನಂದಗಡದಿಂದ ದೂರವಿಲ್ಲ. ನಾನು ಏಳನೆಯ ತರಗತಿವರೆಗೆ ಓದಿದ್ದೂ ಅದೇ ಶಾಲೆಯಲ್ಲಿ. ಆಗಲೂ ಎದ್ದು ನಿಂತು ಉತ್ತರ ಹೇಳಿದವಳಲ್ಲ. ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡು ಕೂಡುತ್ತಿದ್ದೆ. ಅಡುಗೆಯವಳಾಗಿ ಹೋದ ಮೇಲೂ ಹೆಡ್ ಮಾಸ್ತರರು ಏನಾದರೂ ಕೇಳಿದರೆ ಅಡುಗೆಕೋಣೆಯ ಕದದ ಮರೆಯಲ್ಲಿ ನಿಂತು "ಹೂಂನ್ರಿ", "ಇಲ್ರಿ" ಎನ್ನುತ್ತಿದ್ದೆ. ಅನ್ನ ಬೇಯುವ ಸದ್ದಿಗಿಂತ ನನ್ನ ದನಿ ಸಣ್ಣದಾಗಿತ್ತು.

ಅವರು ಮೊದಲ ಸಲ ಬಂದದ್ದು ಕಾರ್ತಿಕದ ಒಂದು ಬೆಳಿಗ್ಗೆ. ಆ ದಿನಗಳಲ್ಲಿ ನಮ್ಮ ಕಡೆ ಮಂಜು ಒಂಬತ್ತು ಗಂಟೆಯಾದರೂ ಏಳುವುದಿಲ್ಲ. ಬೆಳಗಾವಿಯ ಬಸ್ಸಿನ ಎರಡು ದೀಪ ಮಾತ್ರ ಕಂಡವು. ಆಮೇಲೆ ಬೆನ್ನಿಗೆ ಅಗಲವಾದ ಕಬ್ಬಿಣದ ತಟ್ಟೆ ಕಟ್ಟಿಕೊಂಡ ಒಬ್ಬ ಮನುಷ್ಯ ಆಮೆಯ ಹಾಗೆ ಮಂಜಿನೊಳಗಿಂದ ಬಂದ. ತಟ್ಟೆಯ ಒಳಗೆ ಮಡಿಚಿದ ಗೋಣಿಚೀಲ, ಒಂದು ಮಣ್ಣಿನ ಧೂಪದ ಬಟ್ಟಲು, ಒಂದು ಸೀಸೆ ಚಿಮಣಿ ಎಣ್ಣೆ ಇದ್ದವು. ಅಗ್ನಿಶಾಮಕ ದಳದ ನೌಕರಿ ಮುಗಿಸಿ ಮನೆಯಲ್ಲಿ ಕೂಡಲಾಗದೆ ಹೀಗೆ ಶಾಲೆಗಳಿಗೆ ತಿರುಗುತ್ತಿದ್ದರು. ಕಣಕುಂಬಿ ಕಡೆಯ ಶಾಲೆಗಳಲ್ಲಿ ಮರಾಠಿಯಲ್ಲಿ, ನಮ್ಮಲ್ಲಿ ಕನ್ನಡದಲ್ಲಿ, ಖಾನಾಪುರ ಪೇಟೆಯಲ್ಲಿ ಎರಡನ್ನೂ ಕಲಸಿ ಪಾಠ ಮಾಡುತ್ತಿದ್ದರಂತೆ.

ಒಂದನೆಯ ತರಗತಿಯ ಕೂಸುಗಳಿಗೂ ಅವರು 'ರೀ' ಹಚ್ಚಿಯೇ ಮಾತಾಡುತ್ತಿದ್ದರು. "ನೀವು ಮುಂದ ಬರ್ರಿ. ನಿಮ್ಮ ಹೆಸರೇನ್ರಿ? ಮೂಗ ಒರಸ್ಕೋರಿ, ಆಮ್ಯಾಲ ಹೇಳ್ರಿ." ಹುಡುಗರು ತಮ್ಮ ಹಿಂದೆ ಯಾರೋ ದೊಡ್ಡವರು ಬಂದು ನಿಂತಿದ್ದಾರೆಂದು ತಿರುಗಿ ನೋಡುತ್ತಿದ್ದರು.

ಮೊದಲು ಅಂಗಿಗೆ ಬೆಂಕಿ ಹತ್ತಿದರೆ ಓಡಬಾರದು, ನಿಂತು, ನೆಲಕ್ಕೆ ಬಿದ್ದು, ಉರುಳಬೇಕು ಎಂದು ಕಲಿಸಿದರು. ಅಂಗಳದಲ್ಲಿ ಜಮಖಾನೆ ಹಾಸಿ ಒಬ್ಬೊಬ್ಬರನ್ನೇ ಉರುಳಿಸಿದರು. ಆದರೆ ನಮ್ಮೂರ ಮಕ್ಕಳಿಗೆ ಉರುಳುವುದೆಂದರೆ ಗುಡಿಯ ಸುತ್ತ ಉರುಳುವುದೊಂದೇ ಗೊತ್ತು. ಅವ್ವಂದಿರ ಹರಕೆಯನ್ನು ಕಣ್ಣಾರೆ ನೋಡಿದವರು. ಎಲ್ಲರೂ ಎರಡೂ ಕೈಯನ್ನು ತಲೆಯ ಮೇಲೆ ಚಾಚಿ, ಮುಗಿದುಕೊಂಡು, ಕಣ್ಣು ಮುಚ್ಚಿ ಭಕ್ತಿಯಿಂದ ಉರುಳತೊಡಗಿದರು. ಒಬ್ಬಳಂತೂ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದಳು. ಅವರು ಸೊಂಟಕ್ಕೆ ಕೈಕೊಟ್ಟು ನೋಡಿದರು, ಆಮೇಲೆ ತಮ್ಮ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ತೋರಿಸಿದರು.

"ಕೈ ಮುಗೀಬ್ಯಾಡ್ರಿ ದೇವರಾ! ಮಾರಿ ಮುಚ್ಚಿಕೋರಿ, ಮಾರಿ. ಮೊದಲ ನೀವು ಉಳೀರಿ, ಕೈ ಮುಗಿಯೂದು ಆಮ್ಯಾಲ."

ಕದದ ಮರೆಯಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಿಮ್ಮ ಮುತ್ಯಾ ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಹೊಗೆಯ ಪಾಠ ಇನ್ನೂ ಚೆಂದ. ಒಂದು ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಮಣ್ಣಿನ ಬಟ್ಟಲಲ್ಲಿ ಕೆಂಡ ಹಾಕಿ ಲೋಬಾನ ಉದುರಿಸುತ್ತಿದ್ದರು. ಬಿಳಿಯ ಹೊಗೆ ಮೆಲ್ಲಗೆ ಮೇಲೇರಿ ತೊಲೆಯ ಕೆಳಗೆ ಮೋಡದ ಹಾಗೆ ನಿಲ್ಲುತ್ತಿತ್ತು. "ಹೊಗಿ ಮ್ಯಾಲ ಇರತೈತಿ, ಉಸರು ಕೆಳಗ ಇರತೈತಿ. ನೆಲಕ್ಕ ಮೂಗ ಹಚ್ಚಿ, ಗ್ವಾಡಿ ಹಿಡದು ನಡೀರಿ." ಮಕ್ಕಳು ತೊಯ್ದ ಕರವಸ್ತ್ರ ಮೂಗಿಗೆ ಹಿಡಿದು, ಒಬ್ಬರ ಕಾಲನ್ನು ಇನ್ನೊಬ್ಬರು ಮುಟ್ಟುತ್ತ, ಆ ಪರಿಮಳದೊಳಗಿಂದ ತೆವಳಿ ಹೊರಗೆ ಬರುತ್ತಿದ್ದರು. "ಮಾಮಾ, ದರ್ಗಾದಾಗ ಇದ್ದಂಗ ಆತರಿ" ಎಂದ ಒಬ್ಬ. ಬಾಗಿಲಲ್ಲಿ ನಿಂತ ಅವರು ಪ್ರತಿ ತಲೆಯನ್ನೂ ಮುಟ್ಟಿ ಎಣಿಸುತ್ತಿದ್ದರು. ಕೊನೆಯ ಮಗು ಹೊರಬರುವವರೆಗೆ ಅವರ ಮುಖದಲ್ಲಿ ನಗು ಇರುತ್ತಿರಲಿಲ್ಲ. ಅದು ಬರೀ ಲೋಬಾನದ ಹೊಗೆ ಎಂಬುದು ಆ ಹೊತ್ತಿಗೆ ಅವರಿಗೂ ಮರೆತು ಹೋಗುತ್ತಿತ್ತೋ ಏನೋ. ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಬಾಗಿಲಲ್ಲಿ ನಿಂತು ಯಾರನ್ನು ಎಣಿಸಿದ್ದರೋ, ಯಾರು ಹೊರಗೆ ಬರಲಿಲ್ಲವೋ. ಅವರು ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಆಗಲಿಲ್ಲ.

ಚಹಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಕೆನೆಗಟ್ಟಿ ತಣ್ಣಗಾದ ಮೇಲೆ ನೀರು ಕುಡಿದಂತೆ ಗಟಗಟ ಕುಡಿಯುವರು. "ಬಿಸಿದು ಮಾಡಿ ತರ್ಲೇನ್ರಿ?" ಎಂದು ಮಾಸ್ತರರು ಕೇಳಿದರೆ, "ಬ್ಯಾಡ್ರಿ. ಬಿಸಿದೆಲ್ಲಾ ಉಂಡಾಗೇತಿ" ಎನ್ನುವರು. ಮಕ್ಕಳ ಪಂಕ್ತಿಯಲ್ಲೇ ನೆಲಕ್ಕೆ ಕುಳಿತು ಊಟ ಮಾಡಿ, ತಮ್ಮ ತಾಟನ್ನು ತಾವೇ ತೊಳೆದು ಬೋರಲು ಹಾಕುವರು. ಹೋಗುವಾಗ ಅಡುಗೆಕೋಣೆಯ ಬಾಗಿಲಿಗೆ ಬಂದು, ಒಳಗೆ ನೋಡದೆ, "ಅಕ್ಕಾರ, ಸಾರು ಭಾಳ ಚಲೋ ಆಗಿತ್ತರಿ" ಎಂದು ಹೇಳಿ ಹೋಗುವರು. ಆ ವರ್ಷಗಳಲ್ಲಿ ನಾನು ಒಮ್ಮೆಯೂ ಉತ್ತರ ಕೊಡಲಿಲ್ಲ.

ಎಲ್ಲಕ್ಕೂ ಕೊನೆಗೆ ಬೆಂಕಿಯ ಪಾಠ. ಕಬ್ಬಿಣದ ತಟ್ಟೆಯಲ್ಲಿ ಒಣಹುಲ್ಲು ಹಾಕಿ, ಒಂದಿಷ್ಟು ಚಿಮಣಿ ಎಣ್ಣೆ ಚಿಮುಕಿಸಿ ಕಡ್ಡಿ ಗೀರುವರು. ಪಕ್ಕದಲ್ಲಿ ಎರಡು ಕೊಡ ನೀರು, ಒಂದು ಬುಟ್ಟಿ ಮಣ್ಣು. ದೊಡ್ಡ ತರಗತಿಯ ಮಕ್ಕಳು ಒಬ್ಬೊಬ್ಬರೇ ಬಂದು, ತೊಯ್ದ ಗೋಣಿಯನ್ನು ಎದೆಯ ಮುಂದೆ ಗುರಾಣಿಯ ಹಾಗೆ ಹಿಡಿದು, ತಮ್ಮ ಕಡೆಯಿಂದ ಆ ಕಡೆಗೆ ಹಾಸಿ ಮುಚ್ಚಬೇಕು. "ಒಗೀಬ್ಯಾಡ್ರಿ, ಹಾಸ್ರಿ. ಕೂಸಿಗೆ ಹೊದಸ್ತೀರಲ್ಲ, ಹಂಗ." ಹೆಡ್ ಮಾಸ್ತರರು ಮೊದಲ ವರ್ಷವೇ ಹೆದರಿದ್ದರು. "ಸರ, ಚಿತ್ರ ತೋರಿಸಿದ್ರ ಸಾಲೂದಿಲ್ಲೇನ್ರಿ?" "ಚಿತ್ರದ ಬೆಂಕಿಗೆ ಝಳಾ ಇರೂದಿಲ್ರಿ ಸರ. ಝಳಾ ಬಡದಾಗ ಮನಷ್ಯಾ ಕಲತದ್ದೆಲ್ಲಾ ಮರೀತಾನ. ಝಳದಾಗ ಕಲತದ್ದು ಅಷ್ಟ ನೆನಪ ಉಳೀತೈತಿ." ಹುಡುಗರು ಬೆಂಕಿ ಮುಚ್ಚಿ ಹಿಂದೆ ಸರಿದಾಗ ಅವರ ಮುಖ ನೋಡಬೇಕಿತ್ತು. ಅದೇ ಮುಖ ಹೊತ್ತು ಮನೆಗೆ ಹೋಗಿ ರಾತ್ರಿ ಊಟಕ್ಕೆ ಎರಡು ರೊಟ್ಟಿ ಹೆಚ್ಚು ತಿಂದರು ಎಂದು ಅವರ ತಾಯಂದಿರು ಬಾವಿಯ ಹತ್ತಿರ ಹೇಳುತ್ತಿದ್ದರು.

ಹೀಗೆ ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಅವರು ತಮ್ಮ ಗೋಣಿಯನ್ನು ಬಸ್ಸಿನಲ್ಲೇ ಮರೆತು ಇಳಿದಿದ್ದರು. ಅಡುಗೆಕೋಣೆಯ ಬಾಗಿಲಿಗೆ ಬಂದು, "ಅಕ್ಕಾರ, ಒಂದು ಗೋಣಿಚೀಲ ಚಲೋತಂಗ ತೊಯ್ಸಿ ಕೊಡ್ರಿ" ಎಂದರು. ಅಷ್ಟರಲ್ಲಿ ಹೆಡ್ ಮಾಸ್ತರರು ಕರೆದರು, ಹೋದರು.

ನನ್ನಲ್ಲಿ ಗೋಣಿ ಇತ್ತು. ಬಿಸಿ ಸಾರಿನ ಪಾತೇಲಿ ಇಳಿಸಿ ಇಡಲು ಹಾಸುತ್ತಿದ್ದ ಹಳೆಯ ಗೋಣಿ. ಮಸಿ ಹಿಡಿದು, ಅರಿಷಿಣದ ಕಲೆಯಾಗಿ, ಒಂದು ಕಡೆ ಇಲಿ ಕಚ್ಚಿ ನೋಡಬಾರದ ಹಾಗಿತ್ತು. ಅದನ್ನು ಎತ್ತಿಕೊಂಡೆ. ಬೆಳಗಾವಿಯಿಂದ ಬಂದ ದೊಡ್ಡ ಮನುಷ್ಯರ ಮುಂದೆ, ಎಲ್ಲ ಮಾಸ್ತರರ ಮುಂದೆ, ಈ ಹೊಲಸನ್ನು ಹೇಗೆ ಹಿಡಿಯುವುದು ಎಂದು ನಾಚಿಕೆಯಾಯಿತು. ಮೂಲೆಯಲ್ಲಿ ಅಕ್ಕಿ ಖಾಲಿಯಾದ ಹೊಸ ಚೀಲವಿತ್ತು. ಈಗಿನ ಬಿಳಿಯ ಚೀಲ, ಹಾಲಿನ ಹಾಗೆ ಸ್ವಚ್ಛ. ನಮ್ಮ ಬಾಯಲ್ಲಿ ಅದೂ ಗೋಣಿಚೀಲವೇ, ಇದೂ ಗೋಣಿಚೀಲವೇ. ಅದು ಪ್ಲಾಸ್ಟಿಕ್ ದಾರದ್ದು ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನೀರಲ್ಲಿ ಅದ್ದಿದರೆ ಯಾವ ಚೀಲವಾದರೇನು ಎಂದುಕೊಂಡೆ. ಬಕೆಟ್ಟಿನಲ್ಲಿ ಮೂರು ಸಲ ಅದ್ದಿ, ನಾಲ್ಕು ಮಡಿಕೆ ಮಾಡಿ, ಆರತಿ ತಟ್ಟೆ ಒಯ್ಯುವವಳ ಹಾಗೆ ಒಯ್ದು ಬುಟ್ಟಿಯ ಮೇಲೆ ಇಟ್ಟು ಬಂದೆ.

ಮೊದಲು ಬಂದವಳು ಐದನೆಯ ತರಗತಿಯ ಒಬ್ಬ ಹುಡುಗಿ. ಕುರಿ ಸಾಕಿದವರ ಮನೆಯ ಮಗಳು, ಹೋದ ವರ್ಷದಿಂದಲೂ ತನ್ನ ಸರದಿ ಯಾವಾಗ ಬರುತ್ತದೆಂದು ಕಾದಿದ್ದವಳು. ಹೇಳಿಕೊಟ್ಟ ಹಾಗೆಯೇ ಹಿಡಿದಳು, ಹೇಳಿಕೊಟ್ಟ ಹಾಗೆಯೇ ಹಾಸಿದಳು. ಚೀಲ ಒಂದು ಕ್ಷಣ ಬೆಂಕಿಯ ಮೇಲೆ ಬಿಳಿಯ ಹೂವಿನ ಹಾಗೆ ಅರಳಿ ನಿಂತಿತು. ಆಮೇಲೆ ಮುದುಡಿತು. ನಡುವೆ ತೂತು ಬಿದ್ದು ಅದರಿಂದ ಬೆಂಕಿ ನಾಲಗೆ ಚಾಚಿತು. ಕರಗಿದ ಒಂದು ಹನಿ ಅವಳ ಅಂಗೈಯ ಹಿಂಬದಿಗೆ ಬಿತ್ತು.

ಅವರು ಹುಡುಗಿಯನ್ನು ಒಂದು ಕೈಯಲ್ಲಿ ಹಿಂದಕ್ಕೆ ಎಳೆದು, ಇನ್ನೊಂದು ಕೈಯಲ್ಲಿ ಮಣ್ಣಿನ ಬುಟ್ಟಿಯನ್ನೇ ಬೋರಲು ಹಾಕಿದರು. ಅವಳ ಕೈಯನ್ನು ಕೊಡದ ನೀರಿನಲ್ಲಿ ಮುಳುಗಿಸಿ ತಾವೂ ಅವಳ ಪಕ್ಕ ಮಂಡಿಯೂರಿ ಕುಳಿತರು. ಯಾರೋ ಅರಿಷಿಣ ತಂದರು, ಬೇಡವೆಂದರು. ಬಹಳ ಹೊತ್ತು ಹಾಗೇ ಕುಳಿತಿದ್ದರು. ಗಾಯ ಹುಣಸೆಬೀಜದಷ್ಟು ಆಗಿತ್ತು. ಆದರೆ ಅಳದೆ ನಿಂತಿದ್ದ ಹುಡುಗಿ ಅವರ ಮುಖ ನೋಡಿ ಕೇಳಿದಳು: "ಮಾಮಾ, ನೀವು ಹೇಳಿದಂಗ ಮಾಡಿದ್ನೆಲ್ರಿ?"

"ಹೌದ್ರಿ. ನೀವು ಬರೋಬ್ಬರಿ ಮಾಡಿದ್ರಿ."

ಮಧ್ಯಾಹ್ನ ಹೆಡ್ ಮಾಸ್ತರರ ಕೋಣೆಯಲ್ಲಿ ಶಾಲೆಯ ಸಮಿತಿಯವರು ಕೂಡಿದರು. ನಾನು ಹೊರಗಿನ ನಲ್ಲಿಯ ಹತ್ತಿರ ತಾಟು ತೊಳೆಯುತ್ತಿದ್ದೆ. ಎಲ್ಲ ಕೇಳಿಸುತ್ತಿತ್ತು.

ಹುಡುಗಿಯ ತಂದೆ ಕೂಗಾಡಿದ. "ನಮ್ಮ ಹುಡುಗಿ ಸಾಲಿಗೆ ಓದಾಕ ಬಂದಾಳೋ, ಸುಟಗೊಳ್ಳಾಕ ಬಂದಾಳೋ?"

ಸಮಿತಿಯವನೊಬ್ಬ ಚುಚ್ಚಿದ. "ಬೆಳಗಾಂವದಿಂದ ಬೆಂಕಿ ಹೊತಗೊಂಡು ಬರ್ತೀರಿ. ನಮ್ಮ ಊರಾಗ ಬೆಂಕಿಗೆ ಬರ ಬಂದಿತ್ತೇನ್ರಿ?"

"ಆ ಚೀಲಾ ಯಾರ ಕೊಟ್ರು?" ಎಂದು ಹೆಡ್ ಮಾಸ್ತರರು ಕೇಳಿದರು.

ನನ್ನ ಕೈಯಲ್ಲಿದ್ದ ತಾಟು ಹಾಗೇ ನಿಂತಿತು. ಒಳಗಿಂದ ಬೆಂಕಿ ಮಾಮಾನ ದನಿ ಬಂತು.

"ಯಾರರ ಕೊಡ್ಲಿ ಸರ. ಮುಟ್ಟಿ ನೋಡೂದು ನನ್ನ ಕೆಲಸ. ನಾ ನೋಡ್ಲಿಲ್ಲ. ತಪ್ಪು ನಂದ."

ಎದ್ದು ಹೋಗಿ 'ನಾನು ಕೊಟ್ಟೆ' ಎನ್ನಲು ಎಂಟು ಹೆಜ್ಜೆ ಸಾಕಿತ್ತು. ಕೆಲಸ ಹೋದೀತೆಂಬ ಅಂಜಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಗಂಡಸರ ನಡುವೆ ನನ್ನ ದನಿ ಹೊರಡುತ್ತದೆ ಎಂಬ ನಂಬಿಕೆಯೇ ನನಗಿರಲಿಲ್ಲ. ನಲ್ಲಿಯನ್ನು ಇನ್ನಷ್ಟು ತಿರುವಿ, ನೀರಿನ ಸದ್ದು ಜೋರು ಮಾಡಿಕೊಂಡೆ.

ಇನ್ನು ಮೇಲೆ ಖರೇ ಬೆಂಕಿಯ ಪಾಠ ಬೇಡ, ಅವರೂ ಬರುವುದು ಬೇಡ ಎಂದು ಠರಾವು ಆಯಿತು. ಅವರು ಬೆನ್ನಿಗೆ ತಟ್ಟೆ ಕಟ್ಟಿಕೊಂಡು ಹೊರಟರು. ಆ ದಿನವೂ ಅಡುಗೆಕೋಣೆಯ ಬಾಗಿಲಿಗೆ ಬಂದು ಸಾರು ಚೆನ್ನಾಗಿತ್ತು ಎಂದು ಹೇಳಿ ಹೋದರು. ಆ ದಿನ ಅವರು ಊಟವನ್ನೇ ಮಾಡಿರಲಿಲ್ಲ.

ಆಮೇಲಿನ ತಿಂಗಳುಗಳು ನನಗೆ ಕನಸಿನಲ್ಲಿ ನಡೆದ ಹಾಗೆ ಕಳೆದವು. ಅನ್ನ ಬಸಿಯುತ್ತಿದ್ದೆ, ಬಡಿಸುತ್ತಿದ್ದೆ, ಮನಸ್ಸು ಎಲ್ಲಿಯೋ ಇರುತ್ತಿತ್ತು. ಮಕ್ಕಳು ಮೈದಾನದಲ್ಲಿ ಬೆಂಕಿಯ ಆಟ ಹೊಸದಾಗಿ ಶುರು ಮಾಡಿದ್ದರು. ಒಬ್ಬ ಬೆಂಕಿ, ಒಬ್ಬ ಚೀಲ ತರುವವನು. ಚೀಲ ತಂದವನು ಬೆಂಕಿಯನ್ನು ಮುಟ್ಟಿದ ಕೂಡಲೇ ಸತ್ತು ಬೀಳಬೇಕು. ಅದೇ ಆಟ. ಎಲ್ಲರೂ ನಗುತ್ತಿದ್ದರು. ಆ ಹುಡುಗಿ ಮಾತ್ರ ಆಡದೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಊಟಕ್ಕೆ ಬಂದರೆ ಅಡುಗೆಕೋಣೆಯಿಂದ ದೂರವೇ ನಿಂತು ತಾಟು ಚಾಚುತ್ತಿದ್ದಳು.

ನಿಮ್ಮಲ್ಲಿ ಚಿಕ್ಕವನು ಹುಟ್ಟಿದಾಗ ಬಾಣಂತನಕ್ಕೆಂದು ನಾನು ಬೆಳಗಾವಿಗೆ ಬಂದಿದ್ದೆನಲ್ಲ, ಆಗ ಒಂದು ದಿನ ನಿಮ್ಮ ಅವ್ವನಿಗೆ ತರಕಾರಿ ತರುತ್ತೇನೆಂದು ಹೇಳಿ ಒಬ್ಬಳೇ ಮಿಲಿಟರಿ ಕ್ಯಾಂಪಿನ ಕಡೆಗೆ ಹೋದೆ. ಅವರ ಮನೆ ಅಲ್ಲೆಲ್ಲೋ ಎಂದು ಮಾತ್ರ ಗೊತ್ತಿತ್ತು. ಹಳೆಯ ಬಂಗಲೆಗಳು, ದೊಡ್ಡ ದೊಡ್ಡ ಗಿಡಗಳು, ರಸ್ತೆಯ ತುಂಬ ಎಲೆಯ ನೆರಳು. ನಡೆದಷ್ಟೂ ಯಾರೂ ಎದುರಾಗಲಿಲ್ಲ. ನಾನು ಎಲ್ಲಿಗೂ ಮುಟ್ಟುವುದಿಲ್ಲ, ಹೀಗೇ ನಡೆಯುತ್ತಿರುತ್ತೇನೆ ಎನಿಸಿತು, ಅದು ಒಳ್ಳೆಯದೇ ಎಂದೂ ಎನಿಸಿತು. ಚರ್ಚಿನ ಗೋಡೆಯ ಹತ್ತಿರ ಹೂ ಮಾರುವವಳನ್ನು ಕೇಳಿದೆ. "ಬೆಂಕಿ ಸಾಹೇಬ್ರೇನು? ಹಿಂದಿನ ಓಣ್ಯಾಗ ಹೋಗ್ರಿ. ಎಲ್ಲಾರ ಬಾಗಲಾ ಒಳಗ ತೆರೀತಾವು, ಅವರದೊಂದ ಹೊರಗ ತೆರೀತೈತಿ" ಎಂದಳು.

ಅವರ ಹೆಂಡತಿ ಬಾಗಿಲು ತೆರೆದರು. ಒಳಗೆ ಕುಳಿತಿದ್ದ ಬೆಂಕಿ ಮಾಮಾನಿಗೆ ನನ್ನ ಗುರುತು ಹತ್ತಲು ಹೊತ್ತು ಹಿಡಿಯಿತು, ಅವರು ನನ್ನ ಮುಖವನ್ನು ನೋಡಿದ್ದೇ ಕಡಿಮೆ. "ಸಾರಿನ ಅಕ್ಕಾರ!" ಎಂದು ಎದ್ದು ನಿಂತರು.

ಚಹಾ ಬಂತು. ಅವರ ಹೆಂಡತಿ, "ನೀವು ಕುಡೀರಿ, ಅವರ ಹಾದಿ ಕಾಯಬ್ಯಾಡ್ರಿ. ನಮ್ಮ ಮನ್ಯಾಗ ಊದಿನಕಡ್ಡಿ ಹಚ್ಚಬೇಕಂದ್ರೂ ಬಾಜೂಕ ಬಕೆಟ್ ನೀರ ಇಡಬೇಕ್ರಿ. ದೇವರಿಗೂ ಇವರ ಕಾಟ ತಪ್ಪಿಲ್ಲ" ಎಂದು ನಗಿಸಿದರು. ಆ ನಗೆಯ ನಡುವೆಯೇ ನಾನು ಹೇಳಿಬಿಟ್ಟೆ. ಗೋಣಿ ಇತ್ತೆಂದು, ಅದು ಹೊಲಸಾಗಿತ್ತೆಂದು, ನಾಚಿಕೆಯಾಗಿ ಬಿಳಿಯ ಚೀಲ ಕೊಟ್ಟೆನೆಂದು, ನಲ್ಲಿಯ ಹತ್ತಿರ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದೆನೆಂದು.

ಅವರು ತಲೆ ತಗ್ಗಿಸಿ ಕೇಳಿದರು. ಪರವಾಗಿಲ್ಲ ಎನ್ನುತ್ತಾರೆ, ಎದ್ದು ಬರುತ್ತೇನೆ ಎಂದುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ.

"ನನಗ ಹೇಳಿದ್ರಿ, ಚಲೋ ಆತು. ನನ್ನ ಹೆಸರು ಕೆಟ್ಟದ್ದಕ್ಕ ನನಗ ನಿದ್ದಿ ಕೆಟ್ಟಿಲ್ರಿ. ಆ ಹುಡುಗಿ ಏನ ಕಲತಳು, ಅದು ನನಗ ನಿದ್ದಿ ಕೊಡವಲ್ದು. ಹಸಿ ಗೋಣಿ ಸುಳ್ಳು ಅಂತ ಕಲತಾಳ ಆಕಿ. ನಾಳೆ ಆಕಿ ಮನ್ಯಾಗ ಎಣ್ಣಿ ಬಾಣಲಿ ಹತ್ತಿಕೊಂಡ್ರ ಆಕಿ ಗೋಣಿ ಮುಟ್ಟೂದಿಲ್ಲ. ನೀರ ಉಗ್ಗತಾಳ, ಇಲ್ಲಾ ಮೂಲ್ಯಾಗ ಕುಂದರತಾಳ."

ಮಕ್ಕಳ ಆ ಹೊಸ ಆಟ ನನ್ನ ಕಣ್ಣ ಮುಂದೆ ಬಂತು. ಅದನ್ನು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

"ನೀವ ಬಂದು ಹೇಳ್ರಿ" ಎಂದೆ.

"ನಾ ಹೇಳಿದ್ರ ಸಬೂಬು ಆಗತೈತಿ. ನೀವು ಹೇಳಿದ್ರ ಖರೇ ಆಗತೈತಿ."

"ನನಗ ಮಾತಾಡಾಕ ಬರೂದಿಲ್ರಿ."

"ಮಾತ ಬ್ಯಾಡ್ರಿ. ಕೈ ಸಾಕು. ಹಿತ್ತಲಕ್ಕ ಬರ್ರಿ."

ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅವರು ಗೋಣಿಯ ಒಂದು ತುಂಡು, ಬಿಳಿಯ ಚೀಲದ ಒಂದು ತುಂಡು ತಂದು ಬಕೆಟ್ಟಿಗೆ ಹಾಕಿದರು. "ಎತ್ರಿ" ಎಂದರು. ಗೋಣಿ ಭಾರವಾಗಿ ಬಂತು, ಹಿಂಡಿದರೆ ನೀರು ಸುರಿಯಿತು. ಚೀಲವನ್ನು ಒಮ್ಮೆ ಕೊಡವಿದರೆ ಒಣಗಿಯೇ ಹೋಯಿತು. "ಇದು ನೀರ ಕುಡೀತೈತಿ. ಇದು ನೀರ ಕುಡದಂಗ ನಟನಾ ಮಾಡ್ತೈತಿ. ಇಷ್ಟ ತೋರಸ್ರಿ. ಆಮ್ಯಾಲ ಬೆಂಕಿ ಮುಚ್ಚಿ ತೋರಸ್ರಿ." ಹೆಂಡತಿಯನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, "ಇವರ ಮುಂದ ಒಮ್ಮೆ ಮಾಡಿ ತೋರಸ್ರಿ. ಇವರಗಿಂತ ಕಠಿಣ ಪರೀಕ್ಷಾ ಯಾರೂ ತಗೊಳ್ಳೂದಿಲ್ಲ" ಎಂದರು. ನಾಲ್ಕು ಸಲ ಮಾಡಿಸಿದರು. ನಾಲ್ಕನೆಯ ಸಲ ಅವರ ಹೆಂಡತಿ, "ಸ್ವಲ್ಪ ಜೋರ ಹೇಳ್ರಿ, ನನಗ ಕಿವಿ ಮಂದ" ಎಂದರು. ಅವರ ಕಿವಿ ಚೆನ್ನಾಗಿಯೇ ಇತ್ತು ಎಂದು ನನಗೆ ಆಮೇಲೆ ಹೊಳೆಯಿತು. ತರಕಾರಿ ಇಲ್ಲದೆ ಮನೆಗೆ ಬಂದೆ. ನಿಮ್ಮ ಅವ್ವ ಇಂದಿಗೂ ಅದನ್ನು ಹೇಳಿ ನಗುತ್ತಾಳೆ.

ಊರಿಗೆ ಮರಳಿ ಹೆಡ್ ಮಾಸ್ತರರಿಗೆ ಕದದ ಈಚೆ ನಿಂತು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡಿದರು. "ಶನಿವಾರ ಪ್ರಾರ್ಥನಾ ಆದ ಮ್ಯಾಲ ಮಾಡವ್ವ. ಆ ಹುಡುಗಿ ಅಪ್ಪನ್ನೂ ಕರಸ್ತೀನಿ. ಅಂವಾ ಬೈದ್ರ ಬೈಸಿಕೋಬೇಕು" ಎಂದರು. ಹೂಂ ಎಂದೆ.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಸಾಲಾಗಿ ನಿಂತಿದ್ದರು, ಬಿಸಿಲು ಇನ್ನೂ ಎಳೆಯದು. ನನ್ನದೇ ದನಿ ಬೇರೆ ಯಾರದೋ ದನಿಯ ಹಾಗೆ ದೂರದಿಂದ ಕೇಳಿಸಿತು.

"ಅವತ್ತ ಆ ಚೀಲಾ ಕೊಟ್ಟಾಕಿ ನಾನು. ಮಾಮಾ ಗೋಣಿ ಕೇ‌ಳಿದ್ರು, ನಾ ಪ್ಲಾಸ್ಟಿಕ್ ಕೊಟ್ಟೆ. ಮಾಮಾ ಹೇಳಿದ್ದು ಸುಳ್ಳಲ್ಲ. ನಾ ಕೊಟ್ಟದ್ದು ತಪ್ಪು."

ಹುಡುಗಿಯ ತಂದೆ ಗೇಟಿನ ಹತ್ತಿರ ನಿಂತಿದ್ದ. ತಲೆಯ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. ನಾನು ಎರಡೂ ತುಂಡುಗಳನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿ ತೋರಿಸಿದೆ. ಸಾಲು ಮುರಿದು ಮಕ್ಕಳು ಸುತ್ತ ಬಂದು ಹಿಂಡಿ ನೋಡಿದರು. ಆಮೇಲೆ ಅಡುಗೆಯ ದೊಡ್ಡ ಬಾಣಲೆಯಲ್ಲಿ ಹುಲ್ಲು ಹಾಕಿ ಹಚ್ಚಿದೆ. ಝಳ ಮುಖಕ್ಕೆ ಬಡಿಯಿತು. ಮಸಿ ಹಿಡಿದ ನನ್ನ ಹಳೆಯ ಗೋಣಿಯನ್ನು ಎದೆಯ ಮುಂದೆ ಹಿಡಿದು, ನನ್ನ ಕಡೆಯಿಂದ ಆ ಕಡೆಗೆ ಹಾಸಿದೆ. ಬೆಂಕಿ ಇಲ್ಲವೇ ಇಲ್ಲ ಎಂಬಂತೆ ಹೋಯಿತು. ಅಂಚಿನಿಂದ ಒಂದೆಳೆ ಹೊಗೆ ಮಾತ್ರ ಎದ್ದು ಗಾಳಿಯಲ್ಲಿ ಕರಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಹುಡುಗಿ ತಟ್ಟಲಿಲ್ಲ. ಕಟ್ಟೆಯ ಮೇಲೆಯೇ ಕುಳಿತಿದ್ದಳು. ಕರೆಯಬೇಕೆನಿಸಿತು. ಕರೆಯುವ ಹಕ್ಕು ನನಗಿಲ್ಲ ಎಂದು ಸುಮ್ಮನಾದೆ.

ಎಲ್ಲ ಮುಗಿದು ಗೋಣಿ ಎತ್ತಿಕೊಳ್ಳುತ್ತಿದ್ದೆ. ಆಗ ಅವಳು ಎದ್ದು ಬಂದಳು.

"ಆಯಿ, ಇನ್ನೊಮ್ಮೆ ಹಚ್ಚು" ಎಂದಳು.

ಮುಂದಿನ ವರ್ಷ ಹೆಡ್ ಮಾಸ್ತರರೇ ಪತ್ರ ಬರೆದು ಬೆಂಕಿ ಮಾಮಾನನ್ನು ಕರೆಸಿದರು. ಆಮೇಲೆ ಕಾಲು ಸೋಲುವವರೆಗೆ ಪ್ರತಿ ಕಾರ್ತಿಕದಲ್ಲೂ ಬಂದರು. ಸಾರು ಚೆನ್ನಾಗಿದೆ ಎಂದಾಗ ನಾನೂ "ಇನ್ನೊಂದೀಟು ಹಾಕಸ್ಕೋರಿ" ಎನ್ನುವಷ್ಟಾದೆ. ಅದೆಲ್ಲ ಆಮೇಲಿನ ಮಾತು. ಆ ಶನಿವಾರ ಮಾತ್ರ ಮಕ್ಕಳು ಮನೆಗೆ ಹೋದ ಮೇಲೆ ಹೆಡ್ ಮಾಸ್ತರರ ಫೋನಿನಿಂದಲೇ ಬೆಂಕಿ ಮಾಮಾನಿಗೆ ಹೇಳಿದೆ. ನನ್ನ ತಪ್ಪನ್ನು ಹೇಗೆ ಹೇಳಿದೆ, ಹುಡುಗಿಯ ತಂದೆ ಏನೆಂದ, ಯಾವುದನ್ನೂ ಅವರು ಕೇಳಲಿಲ್ಲ.

"ಆಕಿ ಗೋಣಿ ನಿಮ್ಮ ಕೈಯಿಂದ ಮುಟ್ಟಿ ನೋಡದನ ಹಂಗ ಇಸಗೊಂಡ್ಲೇನ್ರಿ?"

"ಇಲ್ರಿ. ಎರಡೂ ಕೈಲೆ ಹಿಂಡಿ ನೋಡಿದ್ಲು. ಒಂದು ಎಳಿ ಹಿರದು, ಪ್ಲಾಸ್ಟಿಕ್ ಏನೋ ಅಂತ ಹಲ್ಲಾಗ ಕಚ್ಚಿ ನೋಡಿದ್ಲು. ಆಮ್ಯಾಲ ನನ್ನ ಮಾರಿ ನೋಡಿದ್ಲು. ನಂಬಿಕಿ ಬರಲಿಲ್ಲ ಕಾಣತೈತಿ, ತಾನ ಹೋಗಿ ಮತ್ತೊಮ್ಮೆ ನೀರಾಗ ಅದ್ದಿಕೊಂಡು ಬಂದ್ಲು. ಆಮ್ಯಾಲ ಹಾಸಿದ್ಲರಿ."

ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು.

"ಮುಗೀತು ಬಿಡ್ರಿ ಅಕ್ಕಾರ. ಇನ್ನ ಆಕಿಗೆ ನಾನೂ ಬೇಕಾಗಿಲ್ಲ, ನೀವೂ ಬೇಕಾಗಿಲ್ಲ."